ಉಂಡವರೇ ಹೇಳಬೇಕು

ಸವದತ್ತಿಯ ಕೋಟೆ ಓಣಿಯ ವೆಂಕಣ್ಣ ಭಟ್ಟರಿಗೆ ಮೈಕು ಕಂಡರೆ ಆಗುತ್ತಿರಲಿಲ್ಲ. ಮದುವೆಯಲ್ಲಿ ಯಾರಾದರೂ ಅದನ್ನು ತಂದು ಬಾಯಿಯ ಮುಂದೆ ಹಿಡಿದರೆ ಮೊಣಕೈಯಿಂದ ಆಚೆ ಸರಿಸಿ ಮಂಗಳಾಷ್ಟಕ ಎತ್ತುತ್ತಿದ್ದರು. ಮಂಗಲ ಕಾರ್ಯಾಲಯದ ಹಿಂದೆ ಪಾತ್ರೆ ತಿಕ್ಕುವ ಹೆಂಗಸರು ಕೂಡ ಕೈಕೆಲಸ ಬಿಟ್ಟು, ಅಕ್ಷತೆ ಬೀಳುವ ಹೊತ್ತಾಯಿತೆಂದು ಕತ್ತು ಚಾಚುತ್ತಿದ್ದರು. ರಾಮದುರ್ಗದಿಂದ, ಬೈಲಹೊಂಗಲದಿಂದ, ಒಮ್ಮೊಮ್ಮೆ ಕಿತ್ತೂರಿನಿಂದ ಜನ ಅವರನ್ನು ಕರೆಯಲು ಬರುತ್ತಿದ್ದದ್ದು ಪಾಂಡಿತ್ಯಕ್ಕಲ್ಲ, ಅವರಿಗಿಂತ ಹೆಚ್ಚು ಓದಿದವರು ಬೇಕಾದಷ್ಟಿದ್ದರು. ಬರುತ್ತಿದ್ದದ್ದು ಆ ಗಂಟಲಿಗೆ. ಅರವತ್ತರ ಹತ್ತಿರ ಬಂದ ಆ ಮನುಷ್ಯನಿಗೆ ಹೊಲವಿಲ್ಲ, ಪೆನ್ಶನ್ ಇಲ್ಲ. ಗಂಟಲೇ ಹೊಲ, ಗಂಟಲೇ ಪೆನ್ಶನ್, ತುಸು ಮಟ್ಟಿಗೆ ಗಂಟಲೇ ಸೊಕ್ಕು.

ಶ್ರಾವಣದಲ್ಲಿ ಆ ಗಂಟಲು ಕೈಕೊಟ್ಟಿತು.

ಅರಿವೆ ಅಂಗಡಿಯವರ ಮನೆಯ ಸತ್ಯನಾರಾಯಣ ಪೂಜೆ. ಕಥೆಯ ನಡುವೆ ದನಿ ಒಡೆದು, ಕೆಮ್ಮು ಒತ್ತರಿಸಿ ಬಂದು, ಉಳಿದದ್ದನ್ನು ಜೊತೆಗಿದ್ದ ತರುಣ ಪುರೋಹಿತ ಪ್ರಲ್ಹಾದ ಮುಗಿಸಬೇಕಾಯಿತು. ಭಟ್ಟರು ಮನೆಗೆ ಬಂದವರೇ ಯಾರ ಮುಖವನ್ನೂ ನೋಡದೆ ದೇವರ ಕೋಣೆಯ ಹೊಸ್ತಿಲ ಮೇಲೆ ಕುಳಿತರು.

"ಏನಾತ್ರಿ?" ಎಂದು ಹೆಂಡತಿ ಕಮಲಾಬಾಯಿ ಅಡುಗೆಮನೆಯಿಂದಲೇ ಕೇಳಿದರು.

"ಏನಿಲ್ಲ. ಊದಿನಕಡ್ಡಿ ಹೊಗಿ."

"ಹೊಗಿ ಅಲ್ರಿ ಮಾವನವರ," ಎಂದಳು ಸೊಸೆ ವರದಾ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಓಣಿಯವರ ಬ್ಲೌಸು ಹೊಲಿಯುವ ಹುಡುಗಿ ಅವಳು. ಕೈ ಯಂತ್ರದ ಮೇಲಿದ್ದರೂ ಕಿವಿ ಮನೆಯ ತುಂಬ ಇರುತ್ತಿತ್ತು. "ಯುಗಾದಿಯಿಂದ ಕೇಳ್ಲಿಕ್ಕತ್ತೀನಿ. ಮುಂಜಾನೆದ್ದ ಕೂಡ್ಲೆ ಹ್ಞಂ ಹ್ಞಂ ಅಂತ ಗಂಟಲಾ ಕೆರೀತೀರಿ. ಉಂಡ ಮ್ಯಾಲೂ ಹಂಗ. ಉಗುಳು ನುಂಗಿ ನುಂಗಿ ನೀರು ಕುಡೀತೀರಿ."

"ಏನೋ ಅಡ್ಡ ಸಿಕ್ಕೊಂಡಂಗ ಅನಸ್ತದ. ನುಂಗಿದ್ರ ಹೋಗೂದಿಲ್ಲ, ಉಗುಳಿದ್ರ ಬರೂದಿಲ್ಲ."

ಕಮಲಾಬಾಯಿಯ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ಭಟ್ಟರ ಅಣ್ಣ ಹೋದದ್ದು ಗಂಟಲಿನ ಹುಣ್ಣಿನಿಂದಲೇ. ಆ ರೋಗದ ಹೆಸರನ್ನು ಆ ಮನೆಯಲ್ಲಿ ಅಂದಿನಿಂದ ಯಾರೂ ಆಡಿರಲಿಲ್ಲ. ಈಗಲೂ ಆಡಲಿಲ್ಲ. ಅದರ ಬದಲು ಕಮಲಾಬಾಯಿ ಮೆಣಸು, ಒಣಶುಂಠಿ ಕುಟ್ಟಿ, ಬೆಲ್ಲ ಹಾಕಿ ಕುದಿಸಿ, ಮೇಲೆ ಒಂದಿಡೀ ನಿಂಬೆಹಣ್ಣು ಹಿಂಡಿ ತಂಬಿಗೆ ತುಂಬ ಕಷಾಯ ಮಾಡಿದರು. ದಿನಕ್ಕೆ ಮೂರು ಸಲ ಎದುರಿಗೆ ನಿಂತು ಕುಡಿಸಿದರು. ಕುಡಿದಾಗ ಗಂಟಲು ಬೆಚ್ಚಗೆನಿಸಿ ಹಾಯೆನಿಸುತ್ತಿತ್ತು, ಆಮೇಲೆ ಇನ್ನಷ್ಟು ಕೆಮ್ಮು. ಕೆಮ್ಮು ಹೆಚ್ಚಾದಂತೆ ಮೆಣಸೂ ಹೆಚ್ಚಾಯಿತು.

ಪಕ್ಕದ ಮನೆಯ ಸೋಮವ್ವ ಹಾಲು ಹಾಕಲು ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು. "ಭಟ್ರ ದನಿ ಕೇಳಿ ನಾನು ಹಾಲ ಹಿಂಡಾಕ ಏಳ್ತಿದ್ನಿ. ಈಗ ಮುಂಜಾನಿ ಮನಿಯಾಗ ಯಾರೂ ಇಲ್ಲೇನೋ ಅನ್ನಂಗ ಆಗೈತಲ್ರಿ ಬಾಯಾರ. ದವಾಖಾನಿಗಿ ಕರಕೊಂಡ ಹೋಗ್ರಿ."

ಕೊನೆಗೆ ಎಳೆದುಕೊಂಡು ಹೋದದ್ದು ಮಗ ಅನಿಕೇತ. ಅವನು ಬೈಲಹೊಂಗಲದ ಒಂದು ಸೊಸೈಟಿಯಲ್ಲಿ ಗುಮಾಸ್ತ. ದಿನಾ ಬಸ್ಸಿನಲ್ಲಿ ಹೋಗಿ ಬರುವವನು. ಅಲ್ಲೊಬ್ಬ ಕಿವಿ, ಮೂಗು, ಗಂಟಲಿನ ಡಾಕ್ಟರು ಇದ್ದಾರೆಂದು ಗೊತ್ತಿತ್ತು. ತಾಯಿಯೂ ಬರುತ್ತೇನೆಂದು ಹಟ ಹಿಡಿದು ಬಂದರು.

ಡಾಕ್ಟರು ಎಳೆಯ ಮನುಷ್ಯ. ಮೂಗಿನಿಂದ ತೆಳ್ಳಗಿನ ನಳಿಕೆ ಇಳಿಸಿ, ಗಂಟಲಿನ ಒಳಗನ್ನು ಗೋಡೆಯ ಟೀವಿಯ ಮೇಲೆ ತೋರಿಸಿದರು. ಕೆಂಪಗೆ, ಒದ್ದೆಯಾಗಿ, ಬಾತು ಕುಳಿತ ಎರಡು ತುಟಿಗಳ ಹಾಗೆ ಏನೋ ಕಂಡಿತು. ಕಮಲಾಬಾಯಿ ಕಣ್ಣು ಮುಚ್ಚಿಕೊಂಡರು.

"ಹೆದರಬ್ಯಾಡ್ರಿ. ಗಂಟು ಇಲ್ಲ, ಹುಣ್ಣು ಇಲ್ಲ," ಎಂದರು ಡಾಕ್ಟರು. "ಹೊಟ್ಟ್ಯಾಗಿನ ಹುಳಿ ಮ್ಯಾಲ ಬಂದು ಗಂಟಲಾ ಸುಡಾಕ ಹತ್ತೈತಿ. ದನಿ ಹೊಂಡೂ ಜಾಗಾನ ಬಾತೈತಿ."

"ನನಗ ಎದಿ ಉರಿಯೂದ ಇಲ್ಲಲ್ರಿ?" ಎಂದರು ಭಟ್ಟರು.

"ಭಾಳ ಮಂದಿಗೆ ಉರಿಯೂದಿಲ್ರಿ. ಗಂಟಲಿಗಷ್ಟ ಬಡೀತೈತಿ." ಆಮೇಲೆ ಬೆರಳು ಮಡಿಚುತ್ತ ಹೇಳಿದರು: ಹೊಟ್ಟೆ ಬಿರಿಯುವಂತೆ ಉಣ್ಣಬಾರದು, ಕರಿದದ್ದು, ಖಾರ, ಹುಳಿ, ಚಹಾ ಕಡಿಮೆ, ಉಂಡು ಮೂರು ತಾಸಿನವರೆಗೆ ಅಡ್ಡಾಗಬಾರದು, ಮಂಚದ ತಲೆಯ ಕಡೆ ಎತ್ತರಿಸಬೇಕು, ಬೆಳಿಗ್ಗೆ ಉಪಾಹಾರಕ್ಕೆ ಮುಂಚೆ ಒಂದು ಕ್ಯಾಪ್ಸೂಲ್. "ಎರಡು ಮೂರು ತಿಂಗಳಾ ಹಿಡೀತೈತಿ. ಅವಸರ ಮಾಡಬ್ಯಾಡ್ರಿ. ಹಿಂಗ ಬಿಟ್ರ ಮಾತ್ರ ದನಿ ಮೊದಲಿನಂಗ ಬರತೈತಿ ಅಂತ ನಾ ಹೇಳೂದಿಲ್ಲ."

ಕೊನೆಯ ಮಾತನ್ನು ಮೂವರೂ ಕೇಳಲಿಲ್ಲ. ಅವರ ಕಿವಿಯಲ್ಲಿ ಉಳಿದದ್ದು ಗಂಟು ಇಲ್ಲ, ಹುಣ್ಣು ಇಲ್ಲ ಎಂಬುದಷ್ಟೇ. ಹೊರಗೆ ಬಂದ ಕಮಲಾಬಾಯಿ ರಸ್ತೆಯಲ್ಲೇ ಯಲ್ಲಮ್ಮನ ಗುಡ್ಡದ ದಿಕ್ಕಿಗೆ ಕೈಮುಗಿದರು. ಬಸ್ ಸ್ಟ್ಯಾಂಡಿನ ಮುಂದೆ ಮಿರ್ಚಿ ಭಜಿ ಕರಿಯುತ್ತಿದ್ದರು. "ಬರೇ ಪಿತ್ತ ಅಂತ!" ಎಂದು ಭಟ್ಟರು ನಕ್ಕು, ಒಂದು ಪ್ಲೇಟು ತೆಗೆದುಕೊಂಡರು. ಮೂವರೂ ತಿಂದರು. ಸಂತೋಷಕ್ಕೆ ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ರಾದ್ಧಾಂತ ಶುರುವಾಯಿತು. ಸ್ನಾನ, ಸಂಧ್ಯಾವಂದನೆ ಮುಗಿಸಿ ಬಂದ ಭಟ್ಟರು ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಅನೀ, ಈ ಮ್ಯಾಲಿನ ಪೊರಿ ಯಾತರದ್ದು?"

ಅನಿಕೇತ ಬಸ್ಸಿಗೆ ಹೊರಟಿದ್ದ, ತಲೆ ಬಾಚುತ್ತಿದ್ದ. "ಜಿಲೆಟಿನ್ ಇರಬೇಕಪಾ. ಎಲುಬು, ಚರ್ಮ ಕುದಿಸಿ ಮಾಡ್ತಾರಂತ," ಎಂದುಬಿಟ್ಟ.

ಭಟ್ಟರು ಕ್ಯಾಪ್ಸೂಲನ್ನು ನೆಲದ ಮೇಲಿಟ್ಟರು.

"ಸಂಧ್ಯಾವಂದನಿ ಮಾಡಿದ ಬಾಯಿಗೆ ಎಲುಬು ಹಾಕಂತಿ?"

"ಔಷಧಕ್ಕೇನು ಮಡಿ ಮೈಲಿಗಿ ಅಪಾ? ನುಂಗ್ರಿ ಸುಮ್ನ."

"ನೀ ನುಂಗು. ನೀ ಜನಿವಾರಾ ಎಲ್ಲಿ ಇಟ್ಟೀದಿ ಅದು ಮೊದಲ ಹುಡುಕು."

"ಇದ ನೋಡ್ರಿ, ಅವ್ವಾ, ಇದಕ್ಕ ನಾ ಏನೂ ಹೇಳೂದಿಲ್ಲ," ಎಂದು ಅನಿಕೇತ ಬಾಚಣಿಗೆ ಎಸೆದು ಬಸ್ಸಿಗೆ ಹೋದ.

ಜಗಳ ಬಗೆಹರಿಸಿದವರು ಕಮಲಾಬಾಯಿ. ಪೊರೆ ಬಿಚ್ಚಿದರೆ ಒಳಗೆ ಸಾಸಿವೆಯಷ್ಟು ಸಣ್ಣ ಬಿಳಿ ಕಾಳುಗಳು. ಪೊರೆಯನ್ನು ಹಿತ್ತಲಿಗೆ ಎಸೆದು, ಕಾಳುಗಳನ್ನು ಖಲಬತ್ತಿಗೆ ಹಾಕಿ ನುಣ್ಣಗೆ ಅರೆದು, ಜೇನುತುಪ್ಪದಲ್ಲಿ ಕಲಸಿ ಬೆಳ್ಳಿಯ ಚಮಚದಲ್ಲಿ ಕೊಟ್ಟರು. ಅವರ ತವರಿನಲ್ಲಿ ಎಲ್ಲ ಔಷಧವನ್ನೂ ಹೀಗೇ ತೇದು, ಅರೆದು ಕೊಡುತ್ತಿದ್ದರು; ನುಣ್ಣಗಾದಷ್ಟು ಮೈಗೆ ಹತ್ತುತ್ತದೆಂದು ನಂಬಿಕೆ. ಭಟ್ಟರು ಕಣ್ಣು ಮುಚ್ಚಿ ನೆಕ್ಕಿದರು. ಅಂದಿನಿಂದ ದಿನಾ ಬೆಳಿಗ್ಗೆ ಆ ಖಲಬತ್ತಿನ ಸದ್ದು ಮನೆಯಲ್ಲಿ ಕೇಳುತ್ತಿತ್ತು.

ವರದಾ ತನ್ನ ಪಾಲಿನದನ್ನು ಮಾಡಿದಳು. ಹಿತ್ತಲಿನಿಂದ ಇಟ್ಟಂಗಿ ತಂದು ಮಂಚದ ತಲೆಯ ಕಾಲುಗಳ ಕೆಳಗಿಟ್ಟಳು. ಭಟ್ಟರು ರಾತ್ರಿ ಜಾರಿ ಜಾರಿ ಕಾಲ ಕಡೆ ಬಂದು, "ನನ್ನ ಜಾರಬಂಡಿ ಮ್ಯಾಲೆ ಮಲಗಿಸೀದಿ ನೋಡವಾ," ಎಂದು ದೂರಿದರೂ ಇಟ್ಟಂಗಿ ತೆಗೆಯಲಿಲ್ಲ. ಊಟದ ಹೊತ್ತಿನದು ದೊಡ್ಡ ತಕರಾರು. ಅನಿಕೇತ ಬರುವುದು ಒಂಬತ್ತಕ್ಕೆ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಈಗ ಭಟ್ಟರಿಗೆ ಏಳಕ್ಕೇ ಎಲೆ ಹಾಕಬೇಕು.

"ಮಗಾ ಬರೂದರಾಗ ಉಂಡು ಕೂಡೂ ಅಪ್ಪ ನಾ ಅಲ್ಲ," ಎಂದರು ಅವರು.

"ನಿಮ್ಮ ಮಗಾ ಸಣ್ಣ ಕೂಸಲ್ರಿ. ನಾ ನೀಡ್ತೀನಿ ಅವರಿಗೆ. ಕೂಡ್ರಿ ನೀವು," ಎಂದು ವರದಾ ಮೆತ್ತಗಿನ ಅನ್ನ, ತೊವ್ವೆ ಹಾಕಿ ಎದುರಿಗೆ ಕುಳಿತಳು. ಅವರು ಉಂಡರು. ಕಮಲಾಬಾಯಿ ಮಾತ್ರ ಆ ಸಪ್ಪೆ ಅನ್ನ ನೋಡಲಾರದೆ ಒಳಗೆ ಹೋದರು.

ಇಷ್ಟೆಲ್ಲ ಮಾಡಿದರೂ ಗಂಟಲು ಇಳಿಯಲಿಲ್ಲ. ಗಣೇಶ ಚೌತಿಯ ದಿನ ನಾಲ್ಕು ಮನೆಯ ಪೂಜೆ ಒಪ್ಪಿಕೊಂಡಿದ್ದರು. ಎರಡನೆಯ ಮನೆಯಲ್ಲಿ ದನಿ ನಿಂತಿತು. ಗಾಳಿ ಮಾತ್ರ ಬರುತ್ತದೆ, ಅಕ್ಷರ ಬರುವುದಿಲ್ಲ. ಉಳಿದ ಮನೆಗಳಿಗೆ ಪ್ರಲ್ಹಾದ ಹೋದ. ಅವನು ಒಳ್ಳೆಯ ಹುಡುಗ. ಸಂಜೆ ಬಂದು ದಕ್ಷಿಣೆಯನ್ನೆಲ್ಲ ಭಟ್ಟರ ಮುಂದಿಟ್ಟ. ಭಟ್ಟರು ಅದನ್ನು ಅವನ ಕಡೆಗೇ ತಳ್ಳಿದರು. ಅವನು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಮೂರು ತಾಸು ಆಗಿಲ್ಲ, ಏಳಿರಿ ಎಂದು ಹೇಳುವ ಧೈರ್ಯ ವರದಾಳಿಗೂ ಆಗಲಿಲ್ಲ.

"ಎಲ್ಲಾ ಸರಿ ಮಾಡ್ಲಿಕ್ಕತ್ತೀವಿ. ಔಷಧ ಯಾಕ ಹತ್ತವಲ್ದು?" ಎಂದು ಕಮಲಾಬಾಯಿ ಮಗನನ್ನು ಕೇಳಿದರು.

"ನನಗೇನ ಗೊತ್ತವ್ವಾ," ಎಂದ ಅವನು. ನಿಜವಾಗಿಯೂ ಯಾರಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಷಮಾಸ ಬಂತು. ಸತ್ತ ಹಿರಿಯರಿಗೆ ಮನೆ ಮನೆಯಲ್ಲಿ ಶ್ರಾದ್ಧ ಮಾಡುವ ಹದಿನೈದು ದಿನ. ಮಂತ್ರ ಹೇಳುವುದು ಒಬ್ಬರ ಕೆಲಸವಾದರೆ, ಸತ್ತವರ ಹೆಸರಿನಲ್ಲಿ ಮಣೆಯ ಮೇಲೆ ಕುಳಿತು ಉಣ್ಣುವುದು ಇನ್ನೊಬ್ಬರ ಕೆಲಸ. ಅದಕ್ಕೆ ಬ್ರಾಹ್ಮಣಾರ್ಥ ಎನ್ನುತ್ತಾರೆ. ಅವರು ಉಂಡದ್ದು ಹಿರಿಯರಿಗೆ ಮುಟ್ಟುತ್ತದೆ. ಹಾಗೆ ಕೂಡಲು ಒಪ್ಪುವವರು ಈಗ ಇಡೀ ಊರಿನಲ್ಲಿ ಮೂರು ನಾಲ್ಕು ಮಂದಿ. ಬೆಳಗಿನಿಂದ ಬರೀ ಹೊಟ್ಟೆಯಲ್ಲಿರಬೇಕು, ಎಲೆಗೆ ಕೈಯಿಡುವಾಗ ಮಧ್ಯಾಹ್ನ ಮೂರು. ಆಮೇಲೆ ಉದ್ದಿನ ವಡೆ, ಖೀರು, ಎಳ್ಳಿನ ಉಂಡೆ, ಕಡಬು, ಬಡಿಸಿದ್ದನ್ನು ಬೇಡವೆನ್ನಬಾರದು. ಡಾಕ್ಟರು ಬೆರಳು ಮಡಿಚಿ ಹೇಳಿದ್ದೆಲ್ಲ ಒಂದೇ ಎಲೆಯ ಮೇಲೆ ತಲೆಕೆಳಗಾಗುತ್ತಿತ್ತು.

ದನಿಯಿದ್ದಾಗ ಭಟ್ಟರು ಮಂತ್ರ ಹೇಳುವವರು, ಬ್ರಾಹ್ಮಣಾರ್ಥಕ್ಕೆ ಅಪರೂಪಕ್ಕೆ ಕೂಡುವವರು. ಈಗ ಮಂತ್ರಕ್ಕೆ ಪ್ರಲ್ಹಾದನಿದ್ದ. ಜನ ಭಟ್ಟರನ್ನು ಉಣ್ಣಲು ಕರೆದರು. ಅವರು ಹೋದರು. ಒಂದು ದಿನ ಹೋದರು, ಮರುದಿನವೂ ಹೋದರು. ಸಂಜೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತರೆ ಹುಳಿತೇಗು ಗಂಟಲಿನವರೆಗೆ ಬಂದು ಕಣ್ಣಲ್ಲಿ ನೀರು ತರಿಸುತ್ತಿತ್ತು.

"ಒಲ್ಲೆ ಅನ್ರಿ ಅಪಾ!" ಎಂದು ಅನಿಕೇತ ಕೂಗಿದ. "ಡಾಕ್ಟರ್ ಏನು ಹೇಳ್ಯಾರ, ನೀವು ಏನು ಮಾಡ್ಲಿಕ್ಕತ್ತೀರಿ?"

ಭಟ್ಟರು ಪಿಸುಗುಟ್ಟಿದರು. "ಕರದವರ ಮನಿಗೆ ಒಲ್ಲೆ ಅಂದ್ರ ಅವರ ಹಿರ್ಯಾರು ಉಪವಾಸ ಹೊಳ್ಳಿ ಹೋಗ್ತಾರೋ."

"ನೀವು ಹೋದ್ರ ನಮ್ಮ ಹಿರ್ಯಾರು ಯಾರು? ನೀವ ಆಗ್ತೀರಿ!"

"ಬಾಯಿ ಮುಚ್ಚೋ!" ಎಂದು ಕಮಲಾಬಾಯಿ ಮಗನ ಮೇಲೆ ಹರಿಹಾಯ್ದರು. ಅವನು ಆಡಿದ ಮಾತು ಅವರದೇ ಭಯವಾಗಿತ್ತು, ಅದಕ್ಕೇ ಅಷ್ಟು ಸಿಟ್ಟು.

ಭಟ್ಟರು ಸೊಸೆಯ ಕಡೆ ನೋಡಿದರು. ಮನೆಯಲ್ಲಿ ಅವರ ಪಿಸುಮಾತು ಚೆನ್ನಾಗಿ ತಿಳಿಯುತ್ತಿದ್ದದ್ದು ಅವಳಿಗೆ. "ದನಿ ಅಂತೂ ಹೋತು ವರದಾ. ಊರಾಗ ಕೂಡ್ಲಿಕ್ಕೆ ಒಂದು ಮಣಿ ಅರ ಉಳೀಲಿ."

ವರದಾ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕುಳಿತಳು.

ಪಕ್ಷದ ನಡುವೆ ಬಿಡುವಿದ್ದ ಒಂದು ದಿನ ಮತ್ತೆ ಬೈಲಹೊಂಗಲಕ್ಕೆ ಹೋದರು. ಡಾಕ್ಟರು ನಳಿಕೆ ಇಳಿಸಿ ನೋಡಿ, ಹುಬ್ಬು ಗಂಟಿಕ್ಕಿದರು. ಬಾವು ಹೆಚ್ಚಾಗಿತ್ತು.

"ಔಷಧ ದಿನಾ ತಗೊಳ್ಳಾಕ ಹತ್ತೀರಿಲ್ಲೊ?"

"ಒಂದು ದಿನಾನೂ ತಪ್ಪಿಸಿಲ್ರಿ," ಎಂದರು ಕಮಲಾಬಾಯಿ, ಹೆಮ್ಮೆಯಿಂದಲೇ. "ನಾನ ಕೈಯಾರೆ ಕೊಡ್ತೀನಿ. ಪೊರಿ ಬಿಚ್ಚಿ, ಕಾಳು ನುಣ್ಣಗ ಅರದು, ಜೇನುತುಪ್ಪದಾಗ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಅರದು?"

"ಹ್ಞೂಂ. ಹಿಟ್ಟಿನಂಗ."

"ಅವ್ವಾರ," ಎಂದು ಅವರು ನಿಧಾನಕ್ಕೆ ಹೇಳಿದರು, "ಆ ಒಂದೊಂದು ಕಾಳಿಗೂ ಒಂದು ಲೇಪ ಇರತೈತ್ರಿ. ಹೊಟ್ಟ್ಯಾಗಿನ ಹುಳಿ ಅದನ್ನ ಸುಡಬಾರದು, ದಾಟಿ ಹೋಗಬೇಕು ಅಂತ. ಅರದ್ರ ಆ ಲೇಪನ ಹೋತು. ಔಷಧ ಹೊಟ್ಟ್ಯಾಗ ಸುಟ್ಟು ಹೋಗಿರತೈತಿ. ಇಷ್ಟು ದಿವಸ ನೀವು ಕೊಟ್ಟಿದ್ದು ಬರೇ ಜೇನುತುಪ್ಪ ಅನ್ರಿ."

ಡಾಕ್ಟರು ಸಮಾಧಾನಕ್ಕೆ ಮುಂದುವರಿಸಿದರು. ಪೊರೆ ನಡೆಯದಿದ್ದರೆ ಗುಳಿಗೆಯ ರೂಪದಲ್ಲೂ ಅಂಥದೇ ಔಷಧ ಇದೆ, ಒಂದು ಮಾತು ಕೇಳಿದ್ದರೆ ಅವತ್ತೇ ಬರೆದುಕೊಡುತ್ತಿದ್ದೆ ಎಂದರು. ಗುಳಿಗೆಯನ್ನು ಇಡಿಯಾಗಿ ನುಂಗಬೇಕೆಂದು ಎರಡೆರಡು ಸಲ ಹೇಳಿದರು. ಸದ್ಯಕ್ಕೆ ಮಾತು ಪೂರಾ ಬಂದ್, ಪಿಸುಮಾತೂ ಕೂಡದು; ಹಿತಮಿತ ಊಟ. "ಇನ್ನ ಹಿಂಗ ಸುಟಗೋತ ಹೋದ್ರ ಹೊಳ್ಳಿ ತರೂದು ನನ್ನ ಕೈಯಾಗ ಇರೂದಿಲ್ರಿ."

ಈ ಸಲ ಆ ಮಾತನ್ನು ಮೂವರೂ ಕೇಳಿದರು. ಬಸ್ ಸ್ಟ್ಯಾಂಡಿನ ಭಜಿಯ ಕಡೆ ಯಾರೂ ನೋಡಲಿಲ್ಲ. ಬಸ್ಸಿನಲ್ಲಿ ಕಮಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿ ಅತ್ತರು. ಭಟ್ಟರು ಅವರ ಕೈ ಹಿಡಿದು, ಇರಲಿ ಎಂಬಂತೆ ತಲೆಯಾಡಿಸಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ನಾಲ್ಕು ಮಂದಿಯ ಎದುರು ಅವರು ಹೆಂಡತಿಯ ಕೈ ಹಿಡಿದದ್ದು ಅದೇ ಮೊದಲು, ಲಗ್ನದ ದಿನ ಬಿಟ್ಟರೆ. ಮನೆಗೆ ಬಂದ ಕಮಲಾಬಾಯಿ ಖಲಬತ್ತನ್ನು ತೊಳೆದು ಅಟ್ಟಕ್ಕೆ ಹಾಕಿದರು.

ಅನಿಕೇತ ಪಕ್ಷದ ಉಳಿದ ಮನೆಗಳಿಗೆಲ್ಲ ಫೋನು ಮಾಡಿ ಬರುವುದಿಲ್ಲವೆಂದು ಹೇಳಿದ. ಕೆಲವರು ಬೇಸರ ಮಾಡಿಕೊಂಡರು, ಕೆಲವರು ಒಂದು ಮಾತು ಬೈದರು. ಎಲ್ಲವನ್ನೂ ಕೇಳಿಸಿಕೊಂಡ. ಮನೋಳಿಯ ಬಿಂದುರಾವ್ ಕುಲಕರ್ಣಿ ಮಾತ್ರ ಫೋನಿಗೆ ಒಪ್ಪದೆ ಮೊದಲ ಬಸ್ಸಿಗೆ ಖುದ್ದು ಬಂದರು. ಎಪ್ಪತ್ತು ದಾಟಿದ ಮನುಷ್ಯ. ಬಂದು ಚಾಪೆಯ ಮೇಲೆ ಕೂಡದೆ ನೆಲದ ಮೇಲೆ ಕುಳಿತರು.

"ನಮ್ಮವ್ವ ಹೋಗಿ ವರ್ಷ ಆತು. ಇದು ಮೊದಲನೇ ಪಕ್ಷ," ಎಂದರು. "ಕಡೀಕ ನಾಕು ತಿಂಗಳಾ ಆಕಿಗೆ ಏನೂ ಇಳೀಲಿಲ್ಲ ಭಟ್ರ. ಲಕ್ವಾ ಹೊಡದು ಗಂಟಲಾನ ಬಿದ್ದಿತ್ತು. ನಳಿಗಿಲೆ ಹಾಲು ಹಾಕ್ತಿದ್ವಿ. ಅನ್ನ ಅನ್ನ ಅಂತ ಕಣ್ಣಿಲೆ ಕೇಳ್ತಿದ್ಲು. ಹಸಗೊಂಡ ಹೋದ್ಲು. ನನ್ನ ಮದುವಿಗೆ ನಿಮ್ಮಪ್ಪ ಬಂದಿದ್ರು, ನನ್ನ ಮಗಳ ಮದುವಿಗೆ ನೀವು ಬಂದಿದ್ರಿ. ನಿಮ್ಮನ್ನ ಕೂಡಿಸಿ ಉಣಿಸಿದ್ರ ಆಕಿ ಉಂಡಂಗ ಅಂತ ನನ್ನ ಮನಸಿಗೆ."

"ಅವರಿಗೆ ಆರಾಮಿಲ್ರಿ," ಎಂದು ಕಮಲಾಬಾಯಿ ಶುರು ಮಾಡಿದರು. ಅಷ್ಟರಲ್ಲಿ ಭಟ್ಟರು ತಲೆಯಾಡಿಸಿ ಆಗಿತ್ತು. ಆ ಮುದುಕನ ಎದುರು ಅನಿಕೇತನ ಬಾಯಿಯಿಂದಲೂ ಬ್ಯಾಡ ಎಂಬ ಮಾತು ಹೊರಡಲಿಲ್ಲ.

ಕಮಲಾಬಾಯಿ ಒಂದು ಉಪಾಯ ಹೂಡಿದರು. ಶ್ರಾದ್ಧದ ಅಡುಗೆಗೆ ಮಡಿಯ ಹೆಂಗಸರು ಸಿಗದ ಕಾಲ. ತಾನೇ ಬಂದು ಅಡುಗೆ ಮಾಡುತ್ತೇನೆಂದರು. ಕುಲಕರ್ಣಿಯವರಿಗೆ ಅದಕ್ಕಿಂತ ಬೇಕೇ. ಆ ದಿನ ಮನೋಳಿಯ ಅಡುಗೆಮನೆಯಲ್ಲಿ ಕಮಲಾಬಾಯಿ ಖೀರಿಗೆ ಬೆಲ್ಲ ಕಡಿಮೆ ಹಾಕಿದರು, ಸಾರಿಗೆ ಮೆಣಸು ಮುಟ್ಟಿಸಿದಂತೆ ಮಾಡಿದರು. ವಡೆಯನ್ನು ಅಡಿಕೆಯಷ್ಟಷ್ಟೇ ತಟ್ಟಿ ಕರಿದರು. ಕುಲಕರ್ಣಿಯವರ ಹೆಂಡತಿ ಬಂದು ನೋಡಿ, "ಇಷ್ಟ ಸಣ್ಣವ್ಯಾಕ್ರಿ?" ಎಂದು ಕೇಳಿದಾಗ, "ನಮ್ಮ ಕಡೆ ಹಿಂಗ," ಎಂದು ಸುಳ್ಳು ಹೇಳಿದರು.

ಪಡಸಾಲೆಯಲ್ಲಿ ಮಂತ್ರ ಹೇಳುತ್ತಿದ್ದವನು ಪ್ರಲ್ಹಾದ. ಇಬ್ಬರು ಕೂಡಬೇಕಾದಲ್ಲಿ ಒಬ್ಬರೇ ಸಿಕ್ಕಿದ್ದರಿಂದ ಇನ್ನೊಂದು ಮಣೆಯ ಮೇಲೆ ದರ್ಭೆ ಇಟ್ಟಿದ್ದರು. ಭಟ್ಟರ ಕಾಲು ತೊಳೆದು, ಗಂಧ ಹಚ್ಚಿ, ಎಲೆ ಹಾಕಿ ಬಡಿಸಿದರು. ಶ್ರಾದ್ಧದ ಎಲೆಯ ಮುಂದೆ ಮಾತಾಡುವ ಹಾಗಿಲ್ಲ. ಭಟ್ಟರಿಗೆ ಅದು ಅನುಕೂಲವೇ ಆಯಿತು. ನಿಧಾನಕ್ಕೆ, ಸ್ವಲ್ಪ ಸ್ವಲ್ಪವಾಗಿ ಉಂಡರು. ಒಳಬಾಗಿಲ ಮರೆಯಲ್ಲಿ ನಿಂತ ಕಮಲಾಬಾಯಿ ತುತ್ತು ತುತ್ತಿಗೂ ಲೆಕ್ಕ ಹಿಡಿದು, ಇಷ್ಟಕ್ಕೆ ಮುಗಿಯಿತು, ಪಾರಾದೆವು ಎಂದುಕೊಂಡರು.

ಊಟದ ಕೊನೆಗೆ ಯಜಮಾನ ಕೈಮುಗಿದು ಕೇಳಬೇಕು, ತೃಪ್ತಿಯಾಯಿತೇ ಎಂದು. ಉಂಡವರು ತೃಪ್ತರಾದೆವು ಎನ್ನಬೇಕು. ಆ ಮಾತು ಬರುವವರೆಗೆ ಬಡಿಸುತ್ತಿರಬೇಕು, ಬಂದ ಮೇಲೆಯೇ ಪಿಂಡಕ್ಕೆ ಕೈಯಿಡುವುದು.

"ತೃಪ್ತಾಃ ಸ್ಥ?" ಎಂದು ಕುಲಕರ್ಣಿಯವರು ಕೇಳಿದರು.

ಭಟ್ಟರು ಬಾಯಿ ತೆರೆದರು. ಗಾಳಿ ಬಂತು. ಮತ್ತೆ ತೆರೆದರು. ಕುತ್ತಿಗೆಯ ನರ ಉಬ್ಬಿತು, ಮುಖ ಕೆಂಪಾಯಿತು, ಮಾತು ಬರಲಿಲ್ಲ.

"ವಡಿ ತರ್ರಿ," ಎಂದರು ಕುಲಕರ್ಣಿಯವರು ಒಳಗೆ ನೋಡಿ.

ಭಟ್ಟರು ಎಲೆಯ ಮೇಲೆ ಅಡ್ಡ ಕೈಯಿಟ್ಟು ಸಾಕೆಂದು ಸನ್ನೆ ಮಾಡಿದರು, ಕೈಮುಗಿದರು. ಪ್ರಲ್ಹಾದ ಗಡಿಬಿಡಿಯಿಂದ, "ಅವರಿಗೆ ದನಿ ಇಲ್ರಿ ರಾಯರ. ಅವರ ಪರವಾಗಿ ನಾ ಅಂತೀನಿ, ತೃಪ್ತಾಃ ಸ್ಮಃ," ಎಂದ.

"ಉಂಡವರು ನೀವಲ್ಲ," ಎಂದರು ಮುದುಕರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಲಾಚುವುದಿತ್ತು. "ಉಂಡವರ ಬಾಯಿಲೆ ಬರಬೇಕು. ನಮ್ಮವ್ವ ಕಡೀತನಾ ಬಾಯಿಲೆ ಸಾಕು ಅನಲಿಲ್ಲ ನನಗ. ಒಂದು ಸಲ ಕೇಳಬೇಕು ನಾ."

ಕಮಲಾಬಾಯಿ ಆವರೆಗೆ ಮಾಡದ್ದನ್ನು ಮಾಡಿದರು. ಮಡಿಸೀರೆಯಲ್ಲೇ ಪಡಸಾಲೆಗೆ ಬಂದು ನಿಂತರು. "ಅವರಿಗೆ ತೃಪ್ತಿ ಆಗೇದ್ರಿ. ನಾ ಹೇಳ್ತೀನಲ್ಲ, ಆಗೇದ. ಇನ್ನೊಂದು ತುತ್ತು ಬ್ಯಾಡ್ರಿ, ಅವರ ಗಂಟಲಾ ಸುಟ್ಟು ಹೋಗ್ತದ. ನಿಮ್ಮ ಕಾಲಿಗೆ ಬೀಳ್ತೀನಿ."

ಕುಲಕರ್ಣಿಯವರು ಅವರನ್ನು ನೋಡಿದರು, ಎಲೆಯನ್ನು ನೋಡಿದರು. ಆಮೇಲೆ ತಾವೇ ಎದ್ದು ಒಳಗೆ ಹೋಗಿ ವಡೆಯ ಬುಟ್ಟಿ ತಂದರು. ಒಂದು ಬಡಿಸಿ, ಇನ್ನೊಂದು ಬಡಿಸಿದರು. "ಉಣ್ಣವ್ವಾ," ಎಂದರು. ಭಟ್ಟರಿಗಲ್ಲ, ತಾಯಿಗೆ.

ಭಟ್ಟರು ಹೆಂಡತಿಯ ಕಡೆ ನೋಡಲಿಲ್ಲ. ವಡೆ ಮುರಿದು ಬಾಯಿಗೆ ಹಾಕಿಕೊಂಡರು. ಮುದುಕರು ಕೇಳುತ್ತಿದ್ದರು, ಬಡಿಸುತ್ತಿದ್ದರು. ಇವರು ಬಾಯಿ ತೆರೆಯುತ್ತಿದ್ದರು, ಉಣ್ಣುತ್ತಿದ್ದರು. ಅಡಿಕೆಯಷ್ಟು ಸಣ್ಣ ವಡೆಗಳು, ಅದಕ್ಕೇ ಬೇಗ ಬೇಗ ಬೀಳುತ್ತಿದ್ದವು. ಬುಟ್ಟಿ ತಳ ಕಾಣುವ ಹೊತ್ತಿಗೆ ಭಟ್ಟರ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ಮಂತ್ರವೂ ಅಲ್ಲ, ಅಕ್ಷರವೂ ಅಲ್ಲ. ತಿರುಗಣಿ ಸವೆದ ಬಾಗಿಲು ತೆರೆದಂತೆ ಒಂದು ಸದ್ದು. ಕುಲಕರ್ಣಿಯವರಿಗೆ ಅಷ್ಟೇ ಸಾಕಾಯಿತು. ಅಲ್ಲೇ ನೆಲಕ್ಕೆ ಬಿದ್ದು ನಮಸ್ಕಾರ ಮಾಡಿ, ಮಕ್ಕಳ ಹಾಗೆ ಅತ್ತರು.

ಅಂದು ಬಂದ ಸದ್ದೇ ಕೊನೆಯದು. ಮನೆಗೆ ಬಂದ ಮೇಲೆ ಭಟ್ಟರಿಂದ ಪಿಸುಮಾತೂ ಹೊರಡಲಿಲ್ಲ. ಪಕ್ಷ ಮುಗಿದ ಕೂಡಲೇ ಡಾಕ್ಟರ ಹತ್ತಿರ ಹೋಗುವುದೆಂದು ಅನಿಕೇತ ಹೇಳಿದ. ಹೋಗಿ ಏನು ಕೇಳಬೇಕಾಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕಮಲಾಬಾಯಿ ಎರಡು ದಿನ ಕುಲಕರ್ಣಿಯವರನ್ನು ಶಪಿಸಲು ನೋಡಿದರು, ಆ ಮುದುಕ ಅತ್ತದ್ದು ನೆನಪಾಗಿ ಶಾಪ ಬಾಯಿಗೆ ಬರಲಿಲ್ಲ.

ಸರ್ವಪಿತ್ರಿ ಅಮಾವಾಸ್ಯೆಯ ಬೆಳಿಗ್ಗೆ ಉಗರಗೋಳದಿಂದ ಒಬ್ಬರು ಬಂದು ಬಾಗಿಲಲ್ಲಿ ನಿಂತರು. ಗುಡ್ಡದ ಕೆಳಗೆ ಹಣ್ಣು-ಕಾಯಿಯ ಅಂಗಡಿಯವರು. ಬ್ರಾಹ್ಮಣಾರ್ಥಕ್ಕೆ ಯಾರೂ ಸಿಗದೆ ಊರೆಲ್ಲ ತಿರುಗಿ ಬಂದ ಬೆವರು ಮುಖದ ಮೇಲಿತ್ತು.

"ಅವರಿಗೆ ದನಿ ಪೂರಾ ಹೋಗೇದ್ರಿ," ಎಂದರು ಕಮಲಾಬಾಯಿ. "ಒಂದಕ್ಷರ ಬರೂದಿಲ್ಲ."

ಆ ಮನುಷ್ಯನ ಮುಖ ಅರಳಿತು. "ಅನ್ನೂದು ಪ್ರಲ್ಹಾದ ಭಟ್ರು ಅಂತಾರ್ರಿ ತಾಯಿ, ಕೇಳೂದು ಉತ್ತರಾ ಎರಡೂ ಅವರದ. ನಾವು ಅಷ್ಟೆಲ್ಲಾ ನೋಡೂದಿಲ್ಲ. ಇವರು ಮಾತಾಡೂದ ಬ್ಯಾಡ. ಉಂಡ್ರ ಸಾಕು."

ಒಳಗೆ ಪೆಟ್ಟಿಗೆಯ ಮುಚ್ಚಳದ ಸದ್ದಾಯಿತು. ಭಟ್ಟರು ಒಗೆದ ಧೋತರ ಉಟ್ಟು, ಶಲ್ಯ ಹೊದ್ದು ಬಂದರು. ಅನಿಕೇತ ಬಾಗಿಲಿಗೆ ಅಡ್ಡ ನಿಂತ.

"ಅಪಾ, ಬ್ಯಾಡ್ರಿ."

ಭಟ್ಟರು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದರು. ಆಮೇಲೆ ಮದುವೆಯಲ್ಲಿ ಮೈಕು ಸರಿಸುತ್ತಿದ್ದಂತೆಯೇ ಮೊಣಕೈಯಿಂದ ಮಗನನ್ನು ಮೆಲ್ಲಗೆ ಆಚೆ ಸರಿಸಿದರು. ವರದಾ ಗುಳಿಗೆ, ನೀರು ತಂದು ಹಿಡಿದಳು. ಸಣ್ಣ ಹುಡುಗನಂತೆ ಇಡಿಯಾಗಿ ನುಂಗಿ, ಬಾಯಿ ತೆರೆದು ತೋರಿಸಿ, ಚಪ್ಪಲಿ ಮೆಟ್ಟಿದರು.

ಕಮಲಾಬಾಯಿ ಮೆಟ್ಟಿಲಿನವರೆಗೆ ಬಂದರು. ತಡೆಯಬೇಕೆಂದು ಬಂದವರು ಉಗರಗೋಳದವರ ಹತ್ತಿರ ನಿಂತು, ಸೆರಗು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿಕೊಂಡರು.

"ವಡಿ ಮಾತ್ರ ದೊಡ್ಡವು ಮಾಡಸ್ರಿ. ಸಣ್ಣವು ಆದ್ರ ಭಾಳ ಬೀಳ್ತಾವ."